ಮೂಕ ಗೋಳ, ಬಾಂದು ಕಲ್ಲು

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ, ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಪಕ್ಕದ ಒಂದು ಜಮೀನು. ಅಣ್ಣತಮ್ಮಂದಿರ ನಡುವೆ ಪಾಲಾಗಿ ಪೋಡಿಯಾಗಬೇಕು. ಅಳತೆಗೆ ಬಂದವರು ರೋವರ್ ಕೋಲು ಹಿಡಿದು ನಾಲ್ಕು ಮೂಲೆ ಸುತ್ತಿ ಹೋಗಿದ್ದಾರೆ. ಜಗಲಿಯ ಮೇಲೆ ಇಬ್ಬರು ಉಳಿದಿದ್ದಾರೆ. ಒಬ್ಬರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕಿನಲ್ಲಿ ಚೈನು ಎಳೆಸಿ ನಿವೃತ್ತರಾದ ಭೂಮಾಪಕರು. ಇನ್ನೊಬ್ಬಳು ಅವರ ಅಕ್ಕನ ಮಗಳು, ಮೈಸೂರಿನಲ್ಲಿ ಸಿವಿಲ್ ಓದಿ ಈಗ ಭೂಮಿಯನ್ನೇ ಅಳೆಯುವ ವಿದ್ಯೆಗೆ ಬಿದ್ದವಳು. ಇವರನ್ನು ಎದುರುಬದುರು ಕೂರಿಸಿದ್ದು ನಾನು. ಆದರೆ ಇಬ್ಬರ ಮಾತನ್ನೂ ಈ ಸೀಮೆಯಲ್ಲಿ ಕೇಳಬಹುದು.

ಮಾವ: ಅರ್ಧ ಗಂಟೇಲಿ ಮುಗಿಸ್ಬುಟ್ರಲ್ಲವ್ವ! ನಮ್ಮ ಕಾಲದಲ್ಲಾದ್ರೆ ಚೈನು ಹಿಡಿಯೋರು ಇಬ್ಬರು, ಕ್ರಾಸ್ ಸ್ಟಾಫ್ ನೆಡೋನೊಬ್ಬ, ಬೇಲಿ ಸವರೋನೊಬ್ಬ, ಪೂರಾ ಒಂದು ಹಗಲು ಬೇಕಿತ್ತು. ಆ ಕೋಲಿಗೆ ಲೆಕ್ಕ ಹೇಳೋರು ಯಾರು?

ಹುಡುಗಿ: ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು. ಜೊತೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆ ರಾಜ್ಯದಲ್ಲಿ ಅಲ್ಲಲ್ಲಿ ನಿಲ್ಲಿಸಿರುವ ಸ್ಥಿರ ಕೇಂದ್ರಗಳು. ಎರಡೂ ಸೇರಿದಾಗ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತೆ.

ಮಾವ: ಆ ಉಪಗ್ರಹ ತಾನೆಲ್ಲಿದೀನಿ ಅಂತ ಹೇಗೆ ಬಲ್ಲದು? ನನ್ನ ಚೈನು 33 ಅಡಿ ಅಂತ ಬಾಯಲ್ಲಿ ಹೇಳಿದ್ರೆ ನಡೀತಿರ್ಲಿಲ್ಲ. ಎಳೆದು ಎಳೆದು ಕೊಂಡಿ ಹಿಗ್ತಿದ್ವು. ಖಚಿತ ಅಳತೆಗೆ ಹಿಡಿದು ನೋಡಿದ ಮೇಲೇ ಹೊಲಕ್ಕೆ ಇಳೀಬೇಕು. ಒಂದು ಚದರ ಚೈನು ಅಂದ್ರೆ ಒಂದು ಗುಂಟೆ, 1,089 ಚದರಡಿ. ಚೈನು ಹಿಗ್ಗಿದ್ರೆ ರೈತನ ಹೊಲ ಕಾಗದದಲ್ಲಿ ಕುಗ್ತದೆ. ನಿನ್ನ ಉಪಗ್ರಹಾನ ಯಾವುದಕ್ಕೆ ಹಿಡಿದು ನೋಡ್ತೀರಿ?

ಹುಡುಗಿ: ಮಾವ, ನಾನು ಓದ್ತಿರೋದೇ ಅದನ್ನ. ಮೇಲೆ ಒಂದು ಗೋಳ ಇದೆ, ಹೆಸರು ಲೇಜಿಯೋಸ್. ಅಮೆರಿಕದ ನಾಸಾ 1976ರ ಮೇ 4ರಂದು ಹಾರಿಸಿದ್ದು. ಅಡ್ಡಳತೆ ಬರೀ 60 ಸೆಂಟಿಮೀಟರ್, ತೂಕ ಮಾತ್ರ ನಾನೂರು ಕೆ.ಜಿ.ಗೂ ಜಾಸ್ತಿ. ಒಳಗೆ ಹಿತ್ತಾಳೆ, ಹೊರಗೆ ಅಲ್ಯೂಮಿನಿಯಂ. ಮೈ ತುಂಬ 426 ಮೂಲೆಗನ್ನಡಿ. ಸುಮಾರು 5,900 ಕಿಲೋಮೀಟರ್ ಎತ್ತರದಲ್ಲಿ ಮೂರೂಮುಕ್ಕಾಲು ಗಂಟೆಗೊಂದು ಸುತ್ತು ಹಾಕುತ್ತೆ. ಅದರಲ್ಲಿ ಬ್ಯಾಟರಿ ಇಲ್ಲ, ರೇಡಿಯೋ ಇಲ್ಲ, ತಿರುಗಿಸೋ ಎಂಜಿನ್ ಇಲ್ಲ.

ಮಾವ: ಮಾತೇ ಆಡದ ಉಪಗ್ರಹಾನ ಹಿಂಬಾಲಿಸೋದು ಹೆಂಗೆ?

ಹುಡುಗಿ: ನೆಲದಿಂದ ದೂರದರ್ಶಕದ ಮೂಲಕ ಲೇಸರ್ ಮಿಂಚು ಬಿಡ್ತಾರೆ. ಆ ಕನ್ನಡಿಗಳು ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುತ್ತವೆ. ಗೋಳ ನೆತ್ತಿಯ ಮೇಲಿದ್ದಾಗ ಹೋಗಿ ಬರೋಕೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ ಸಾಕು. ಆ ಹೊತ್ತನ್ನ ಅಳೆದರೆ ದೂರ ಸಿಕ್ಕಿತು. ಗಡಿಯಾರ ಸೆಕೆಂಡಿನ ನೂರು ಕೋಟಿಯ ಒಂದು ಪಾಲು ತಪ್ಪಿದರೂ ದೂರದಲ್ಲಿ 15 ಸೆಂಟಿಮೀಟರ್ ತಪ್ಪುತ್ತೆ. ಈಗ ಮಿಲಿಮೀಟರುಗಳ ಲೆಕ್ಕಕ್ಕೆ ಬಂದಿದ್ದಾರೆ.

ಮಾವ: ಗೋಳ ಎಷ್ಟು ದೂರದಲ್ಲದೆ ಅಂತ ಗೊತ್ತಾಯ್ತು. ಅದರಿಂದ ಏನಾಯ್ತು?

ಹುಡುಗಿ: ಯಾವ ಉಪಗ್ರಹವಾದರೂ ಸುತ್ತೋದು ಭೂಮಿಯ ತೂಕದ ನಡುಬಿಂದುವನ್ನ. ಆದರೆ ಜಿಪಿಎಸ್ ಉಪಗ್ರಹಕ್ಕೆ ಅಗಲವಾದ ಸೌರಫಲಕಗಳಿವೆ, ಬಿಸಿಲಿನ ಒತ್ತಡವೇ ಅದನ್ನ ಚೂರು ಚೂರು ತಳ್ಳುತ್ತೆ. ಈ ಗೋಳ ಚಿಕ್ಕದು, ಭಾರದ್ದು, ಗಾಳಿಯ ಸೋಂಕು ಹೆಚ್ಚುಕಡಿಮೆ ಇಲ್ಲದ ಎತ್ತರದಲ್ಲಿದೆ. ಅದನ್ನ ಲೋಕದ ನಾನಾ ಕಡೆಯಿಂದ ವರ್ಷಗಟ್ಟಲೆ ನೋಡಿದರೆ ಭೂಮಿಯ ನಡುಬಿಂದು ಎಲ್ಲಿದೆ ಅಂತ ಇತ್ಯರ್ಥವಾಗುತ್ತೆ. ಜಗತ್ತಿನ ಅಕ್ಷಾಂಶ, ರೇಖಾಂಶ, ಎತ್ತರಗಳಿಗೆಲ್ಲ ಸೊನ್ನೆ ಅಲ್ಲಿಂದ. ಇವತ್ತಿನ ಆ ರೋವರಿನ ಅಂಕಿಗೂ ಅದೇ ಸೊನ್ನೆ.

ಮಾವ: ಹಂಗಾದ್ರೆ ಅದು ನಿಮ್ಮ ಚೈನಿನ ಖಚಿತ ಅಳತೆ.

ಹುಡುಗಿ: ಹೌದು ಮಾವ, ಅಷ್ಟೇ.

ಇಲ್ಲಿ ಒಂದು ಮಾತು ಸೇರಿಸಬೇಕು. ಈ ಗೋಳವನ್ನು ಬರಿಗಣ್ಣು ಕಾಣಲಾರದು. ಇಂಥ ಲೇಸರ್ ಕೇಂದ್ರಗಳು ಲೋಕದಲ್ಲೆಲ್ಲ ಸೇರಿ ನಲವತ್ತರ ಆಸುಪಾಸು, ಹೆಚ್ಚಿನವು ಭೂಮಧ್ಯರೇಖೆಯ ಉತ್ತರಕ್ಕೆ. ಮೋಡ ಕವಿದರೆ ಕೆಲಸ ನಿಂತಂತೆ. ಮುಂಗಾರಿನಲ್ಲಿ ಎಚ್.ಡಿ. ಕೋಟೆಯ ಕಾಡಂಚನ್ನು ಕಂಡವರಿಗೆ, ಇಂಥ ಅಳತೆಯನ್ನು ಅರ್ಧ ಶತಮಾನ ಬಿಡದೆ ನಡೆಸುವುದು ಎಷ್ಟು ಸಹನೆಯ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ. ಆ ಕೇಂದ್ರದವರಿಗೆ ತೊಡಕು ಮೋಡ ಮಾತ್ರವೂ ಅಲ್ಲ. ಸೂರ್ಯಚಂದ್ರರ ಸೆಳೆತಕ್ಕೆ ಕಡಲಿನಂತೆ ಗಟ್ಟಿ ನೆಲವೂ ದಿನಕ್ಕೆರಡು ಬಾರಿ ಒಂದಡಿಯ ಆಸುಪಾಸು ಏರಿಳಿಯುತ್ತದೆ. ನಾವು, ಮನೆ, ಮರ ಎಲ್ಲ ಒಟ್ಟಿಗೆ ಏರುವುದರಿಂದ ತಿಳಿಯದು. ಲೇಸರಿನವರು ಅದನ್ನೂ ಕಳೆದು ಲೆಕ್ಕ ಹಾಕಬೇಕು.

ಮಾವ: ನೆಲ ಏರಿಳೀತದೆ ಅಂತೀಯ. ಅದರ ಮೇಲಿರೋ ನನ್ನ ಬಾಂದು ಕಲ್ಲು?

ಹುಡುಗಿ: ಏರಿಳಿಯೋದಿರಲಿ, ಜಾಗವನ್ನೇ ಬಿಟ್ಟು ಹೋಗ್ತಿದೆ. ನಮ್ಮ ನೆಲವೆಲ್ಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಜಿಪಿಎಸ್ ನಿಲ್ದಾಣ ಇದನ್ನ ವರ್ಷಗಳಿಂದ ದಾಖಲಿಸುತ್ತಾ ಬಂದಿದೆ. ಗೋಳ ಹಾರಿದಾಗಿನಿಂದ ಈಚೆಗೆ ಹುಣಸೂರು ಎರಡೂವರೆ ಮೀಟರಿನಷ್ಟು ಜರುಗಿದೆ. ನಿಮ್ಮ ಚೈನಿನ ಕಾಲು ಭಾಗ.

ಮಾವ: ಜರುಗ್ಲಿ ಬಿಡು. ನನ್ನ ಕಲ್ಲೂ ಹೋಗ್ತದೆ, ಪಕ್ಕದೋನ ಬದುವೂ ಹೋಗ್ತದೆ, ಕೆರೆಯೂ ಹೋಗ್ತದೆ. ಎಲ್ಲ ಒಟ್ಟಿಗೆ ಹೋದ್ಮೇಲೆ ಜಗಳ ಎಲ್ಲಿಂದ ಬಂತು?

ಹುಡುಗಿ: ಉಪಗ್ರಹ ನಮ್ಮ ಜೊತೆ ಜರುಗಲ್ಲ, ಜಗಳ ಅಲ್ಲಿಂದ. ಇವತ್ತಿನ ಅಂಕಿಯನ್ನ ಕಡತದಲ್ಲಿಟ್ಟು ಮೂವತ್ತು ವರ್ಷದ ಮೇಲೆ ಅದೇ ಅಂಕಿ ಹಿಡಿದು ಕಲ್ಲು ಹುಡುಕಿದರೆ ಒಂದೂವರೆ ಮೀಟರ್ ಆಚೆ ಅಗೆಯುತ್ತಾರೆ. ಸ್ಥಿರ ಕೇಂದ್ರಗಳನ್ನ ಯಾವುದೋ ಒಂದು ತಾರೀಖಿಗೆ ಕಟ್ಟಿಹಾಕಿದರೆ ಈ ತೊಂದರೆ ತಪ್ಪಿಸಬಹುದು. ಆದರೆ ಕಟ್ಟಿಹಾಕಬೇಕು ಅಂದ್ರೂ ಎಷ್ಟು ಸರಿದಿದ್ದೀವಿ ಅಂತ ತಿಳಿದಿರಬೇಕಲ್ವ? ತಾರೀಖಿಲ್ಲದ ಅಕ್ಷಾಂಶ ಅರ್ಧ ದಾಖಲೆ.

ಮಾವ: ಅದನ್ನ ಒಪ್ತೀನಿ. ತಾರೀಖಿಲ್ಲದ ಕಾಗದ ನನ್ನ ಮೇಜಿಗೂ ಎಷ್ಟೋ ಬಂದಿದ್ವು, ಅವುಗಳಿಂದ ಆದ ತಕರಾರು ಅಷ್ಟಿಷ್ಟಲ್ಲ. ಆದ್ರೆ ಇದನ್ನ ಕೇಳು. ನನ್ನ ಸರ್ವೀಸಿನಲ್ಲಿ ಐದು ಸೆಂಟಿಮೀಟರ್ ಸಲುವಾಗಿ ಬಂದ ಹದ್ದುಬಸ್ತು ಅರ್ಜಿ ನಾನು ಕಾಣೆ. ರಾತ್ರೋರಾತ್ರಿ ಕಲ್ಲು ಕಿತ್ತೋರು ಇದ್ರು. ಕೆ.ಆರ್. ನಗರದ ನಾಲೆ ಬಯಲಲ್ಲಿ ವರ್ಷಕ್ಕೊಂದು ಸಾಲು ಬದುವಿನ ಕಡೆಗೆ ಒತ್ತಿ ಉತ್ತೋರು ಇದ್ರು. ಅಪ್ಪನ ಹೆಸರಿನ ಪಹಣೀನ ಮೂರು ತಲೆ ಆದ್ರೂ ಬದಲಾಯಿಸದೇ ಬಿಟ್ಟೋರು ಇದ್ರು. ಇದರಲ್ಲಿ ನಿನ್ನ ಗೋಳ ಯಾವುದನ್ನ ತೀರಿಸ್ತದೆ?

ಹುಡುಗಿ: ಕಲ್ಲು ಕಿತ್ತರೆ ಅದಿದ್ದ ಜಾಗವನ್ನ ಅಂಕಿಯಿಂದ ಮತ್ತೆ ಹುಡುಕಬಹುದು. ಹಳೇ ಸರ್ವೇ ಟಿಪ್ಪಣಿಯಲ್ಲಿ ಒಂದು ಕಲ್ಲು ಹೋದರೆ ಇನ್ನೊಂದರಿಂದ ಅಳೀಬೇಕು. ಅದೂ ಹೋಗಿದ್ದರೆ?

ಮಾವ: ಊರ ಹಿರೀಕರನ್ನ ಕರೆಸ್ತಿದ್ವಿ. ಹಳ್ಳ, ಬಂಡೆ, ಹುಣಸೆಮರ ನೋಡ್ತಿದ್ವಿ.

ಹುಡುಗಿ: ಹಿರೀಕರು ಯಾರ ಪರ ಹೇಳ್ತಿದ್ರು?

ಮಾವ: (ತಡೆದು) ಕೆಲವರು ಸತ್ಯ ಹೇಳ್ತಿದ್ರು. ಕೆಲವರು ಉಳ್ಳೋರ ಪರ. ಅದು ನಿಜ. ಆದ್ರೆ ಇವತ್ತು ಆ ರೋವರು ಹಿಡಿದಿರೋದು ಯಾರ ಕೈ? ಮೊದಲು ಎಲ್ಲಿ ನೆಡಬೇಕು ಅಂತ ಬೊಟ್ಟು ಮಾಡಿ ತೋರಿಸೋರು ಯಾರು? ಅಂಕಿ ಸುಳ್ಳಾಡಲ್ಲ ಕಣವ್ವ, ಅಂಕಿ ತಗೊಳ್ಳೋ ಜಾಗ ಆಡ್ತದೆ.

ಹುಡುಗಿ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಾವ: ಇನ್ನೊಂದು. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಬೀಚನಹಳ್ಳಿ ಹಿನ್ನೀರಿನಲ್ಲಿ ಮುಳುಗಿದ ಹೊಲದ ಅಳತೆಯೆಲ್ಲ ಕಾಗದದಲ್ಲಿ ಸರಿಯಾಗೇ ಇತ್ತು, ಹೊಲ ಇರ್ಲಿಲ್ಲ. ನಾಗರಹೊಳೆ ಅಂಚಿನ ಹಾಡಿಗಳಲ್ಲಿ ಜೇನುಕುರುಬರನ್ನ ನೋಡು. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ತಾತ ಕಾಲದಿಂದ ಇದ್ದ ಜಾಗಕ್ಕೆ ಅವರು ಕೇಳಿದ್ದು ಒಂದು ಹಕ್ಕುಪತ್ರ, ಮಿಲಿಮೀಟರ್ ಅಲ್ಲ.

ಹುಡುಗಿ: ಹಕ್ಕುಪತ್ರ ಕೊಡಬೇಕೋ ಬೇಡವೋ ಅನ್ನೋದು ಮನಸ್ಸಿನ ಪ್ರಶ್ನೆ, ಅದನ್ನ ಗೋಳ ತೀರಿಸಲ್ಲ. ಆದರೆ ಕೊಟ್ಟ ಮೇಲೆ? ನಕ್ಷೆ ಮೊಬೈಲಿನಲ್ಲಿ ಹಿಡಿದು ಬರೆದದ್ದಾಗಿದ್ದರೆ ನಾಲ್ಕೈದು ಮೀಟರ್ ಆಚೀಚೆ. ಒಂದೆಕರೆಯ ಹಿಡುವಳಿಗೆ ಅದು ದೊಡ್ಡ ನಷ್ಟ, ನೂರೆಕರೆಯವನಿಗೆ ಏನೂ ಅಲ್ಲ. ತಪ್ಪು ಅಳತೆಯ ಹೊರೆ ಸಣ್ಣ ಹಿಡುವಳಿಯ ಮೇಲೇ ಬೀಳೋದು, ಮಾವ.

ಈ ಮಾತಿಗೆ ಮಾವ ತಲೆಯಾಡಿಸಿದರು. ನನಗೂ ಅನ್ನಿಸುವುದು, ನಿಖರತೆ ಶ್ರೀಮಂತರ ಚಟವೆಂಬ ನಮ್ಮ ಸಾಮಾನ್ಯ ಭಾವನೆ ಸರಿಯಲ್ಲ. ಗುಂಟೆ ಲೆಕ್ಕದಲ್ಲಿ ಬದುಕುವವರಿಗೇ ಅದು ಬೇಕು. ಆದರೂ ಮಾವ ಅಷ್ಟಕ್ಕೆ ಬಿಡುವವರಲ್ಲ.

ಮಾವ: ಅಳತೆ ಯಾರ ಕೈಲಿ ಬಂತು ಅಂತ ಹೇಳ್ತೀನಿ ಕೇಳು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಲ್ಯಾಂಬ್ಟನ್ ಅನ್ನೋ ಇಂಗ್ಲಿಷ್ ಅಧಿಕಾರಿ ಬೆಂಗಳೂರ ಹತ್ರ ನೂರಡಿ ಉಕ್ಕಿನ ಚೈನು ಹಾಸಿ ಏಳು ಮೈಲಿ ಮಿಕ್ಕಿ ನೇರ ರೇಖೆ ಅಳೆದ. ಬಿಸಿಲಿಗೆ ಉಕ್ಕು ಹಿಗ್ತದೆ ಅಂತ ಅದನ್ನೂ ಲೆಕ್ಕ ಹಿಡಿದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಶುರು ಮಾಡಿದ ಸರ್ವೇ ಮುಂದೆ ಇಡೀ ದೇಶದ್ದಾಯ್ತು. ಅಂಥ ಕೆಲಸಗಾರನಿಗೆ ನಾನು ಕೈ ಮುಗೀತೀನಿ. ಆದ್ರೆ ಅಳೆದದ್ದು ಗೆದ್ದ ನೆಲಾನ, ಆಳೋಕೆ. ನಿನ್ನ ಗೋಳವೂ ಅಮೆರಿಕದೋರದ್ದೇ ತಾನೆ?

ಹುಡುಗಿ: ಹಾರಿಸಿದ್ದು ಅವರು. ಬಳಸೋಕೆ ಮಾತ್ರ ಯಾರನ್ನೂ ಕೇಳಬೇಕಿಲ್ಲ. ಜಿಪಿಎಸ್ ನೋಡಿ, ಸಾರ್ವಜನಿಕರಿಗೆ ಸಿಗೋ ಸಂಕೇತವನ್ನ ಅಮೆರಿಕ 2000ನೇ ಇಸವಿಯ ಮೇ ತನಕ ಬೇಕಂತಲೇ ಕೆಡಿಸಿ ಕಳಿಸ್ತಿತ್ತು. ಈ ಗೋಳವನ್ನ ಯಾರೂ ಆರಿಸೋಕಾಗಲ್ಲ, ಯಾರಿಗೂ ಸುಳ್ಳು ಹೇಳಿಸೋಕಾಗಲ್ಲ. ಲೇಸರ್ ಇದ್ದೋರು ಯಾವ ದೇಶದವರಾದರೂ ಬೆಳಕು ಬಿಡಬಹುದು, ಬೆಳಕು ವಾಪಸ್ ಬರುತ್ತೆ. ಅಂಥದ್ದೇ ಕನ್ನಡಿಗಳು ನಮ್ಮ ನಾವಿಕ್ ಉಪಗ್ರಹಗಳ ಮೇಲೂ ಇವೆ. ಚಂದ್ರಯಾನ 3ರ ವಿಕ್ರಮನ ಮೇಲೂ ನಾಸಾದ ಒಂದು ಪುಟ್ಟ ಕನ್ನಡಿ ಗುಚ್ಛ ಇದೆ. ಲ್ಯಾಂಡರ್ ನಿದ್ದೆಗೆ ಹೋದ ಮೇಲೆ, 2023ರ ಡಿಸೆಂಬರಿನಲ್ಲಿ, ಚಂದ್ರನನ್ನ ಸುತ್ತುವ ಅಮೆರಿಕದ ನೌಕೆಯ ಲೇಸರಿಗೆ ಅದು ಉತ್ತರ ಕೊಟ್ಟಿತು.

ಮಾವ: ಇದು ಚೆನ್ನಾಗದೆ. ಮಾತಾಡೋದನ್ನ ಬಾಯಿ ಮುಚ್ಚಿಸಬಹುದು, ಮೂಕನನ್ನ ಮುಚ್ಚಿಸೋದು ಹೆಂಗೆ! ನಮ್ಮ ಆರ್ಯಭಟ ನೆನಪಾಯ್ತು ನೋಡು. ಪೀಣ್ಯದಲ್ಲಿ ಕಟ್ಟಿದ್ದು, 1975ರ ಏಪ್ರಿಲ್ 19ಕ್ಕೆ ರಷ್ಯಾದಿಂದ ಹಾರಿತು. ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳತ್ವ. ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಬಂತು.

ಹುಡುಗಿ: ವಿದ್ಯುತ್ ಕೈಕೊಟ್ಟು ಅದರ ಪ್ರಯೋಗಗಳು ಕೆಲವೇ ದಿನದಲ್ಲಿ ನಿಂತವು. 1992ರಲ್ಲಿ ವಾತಾವರಣಕ್ಕೆ ಬಿದ್ದು ಸುಟ್ಟುಹೋಯಿತು. ಆರ್ಯಭಟ ಹಾರಿದ ಮರುವರ್ಷ ಮೇಲೇರಿದ ಗೋಳ ಇನ್ನೂ ಇದೆ.

ಮಾವ: ಹಂಗೆ ತೂಗಬೇಡ. ಆರ್ಯಭಟ ಕೆಲವೇ ದಿನದಲ್ಲಿ ಒಂದು ತಲೆಮಾರಿಗೆ ಉಪಗ್ರಹ ಕಟ್ಟೋದನ್ನ ಕಲಿಸಿತು. ಹಾಸನದಲ್ಲಿ, ಬ್ಯಾಲಾಳಿನಲ್ಲಿ ಇವತ್ತು ಉಪಗ್ರಹ ಕಾಯೋರು ಆ ಪಾಠದಿಂದ ಬಂದೋರು. ಬದುಕಿದ ವರ್ಷವೇ ದೊಡ್ಡದಾದ್ರೆ ಕಲ್ಲೇ ದೊಡ್ಡದು.

ಹುಡುಗಿ: ಅದು ನನ್ನ ಅವಸರದ ಮಾತು, ಬಿಡಿ. ಆದರೆ ದೀರ್ಘಾಯುಸ್ಸಿಗೂ ಬೆಲೆ ಇದೆ. 1990ರ ನವೆಂಬರಿನಲ್ಲಿ ಹಾರಿದ ಒಂದು ಜಿಪಿಎಸ್ ಉಪಗ್ರಹದ ಆಯಸ್ಸು ಏಳೂವರೆ ವರ್ಷ ಅಂದುಕೊಂಡಿದ್ದರು, ಅದು 25 ವರ್ಷ ದುಡಿಯಿತು. 2016ರ ಜನವರಿಯಲ್ಲಿ ಅದನ್ನ ಪಟ್ಟಿಯಿಂದ ತೆಗೆದಾಗ ನೆಲದ ತಂತ್ರಾಂಶದಲ್ಲಿ ಎಡವಟ್ಟಾಗಿ ಉಳಿದ ಹಲವು ಉಪಗ್ರಹಗಳು ಲೋಕಕ್ಕೆ ಸಾರುವ ಸಮಯದಲ್ಲಿ ಸುಮಾರು 13 ಮೈಕ್ರೋಸೆಕೆಂಡ್ ತಪ್ಪಿತು. ಜಾಗ ಹೇಳೋದು ಕೆಡಲಿಲ್ಲ, ಆದರೆ ಜಿಪಿಎಸ್ ಸಮಯಕ್ಕೆ ಕಟ್ಟಿಕೊಂಡಿದ್ದ ದೂರಸಂಪರ್ಕ ಯಂತ್ರಗಳು ಎಚ್ಚರಿಕೆ ಕೂಗಿಕೊಂಡವು.

ಮಾವ: ಹಳಬನನ್ನ ಕಳಿಸುವಾಗ ಕಡತ ಸರಿಯಾಗಿ ಹಸ್ತಾಂತರ ಆಗ್ಲಿಲ್ಲ ಅನ್ನು. ನಿನ್ನ ಗೋಳಕ್ಕೆ ನಿವೃತ್ತಿ ಯಾವಾಗ?

ಹುಡುಗಿ: ಲೆಕ್ಕ ಹಾಕಿದವರ ಅಂದಾಜು 84 ಲಕ್ಷ ವರ್ಷ.

ಮಾವ: ಎಂಬತ್ನಾಲ್ಕು ಲಕ್ಷ! ನಮ್ಮ ಜೀವರಾಶಿ ಲೆಕ್ಕ ಅಲ್ವೇನೆ ಅದು!

ಹುಡುಗಿ: ಕಾಕತಾಳೀಯ, ಮಾವ. ಆದರೆ ಕೇಳಿ, ಇದು ನಿಮಗೆ ಹಿಡಿಸುತ್ತೆ. ಅದರೊಳಗೆ ಒಂದು ಫಲಕ ಇಟ್ಟಿದ್ದಾರೆ, ಕಾರ್ಲ್ ಸೇಗನ್ ರೂಪಿಸಿದ್ದು. ಅದರ ಮೇಲೆ ಮೂರು ನಕ್ಷೆ. ಒಂದು, 26 ಕೋಟಿ 80 ಲಕ್ಷ ವರ್ಷಗಳ ಹಿಂದಿನದು, ಖಂಡಗಳೆಲ್ಲ ಕೂಡಿಕೊಂಡಿದ್ದಾಗಿನದು. ಇನ್ನೊಂದು ಹಾರಿಸಿದ ಕಾಲದ್ದು. ಮೂರನೆಯದು, ಗೋಳ ಕೆಳಗೆ ಬೀಳೋ ಹೊತ್ತಿಗೆ ಭೂಮಿ ಹೇಗಿರಬಹುದು ಅನ್ನೋದು.

ಮಾವ: ಹಂಗಂದ್ರೆ ಒಂದು ಹಳೇ ಟಿಪ್ಪಣಿ, ಒಂದು ಹಾಲಿ ನಕ್ಷೆ, ಒಂದು ಮುಂದಿನ ಪೋಡಿ! ಯಾರೋ ಸರ್ವೇಯವನೇ ಜೊತೇಲಿ ಇದ್ದಿರಬೇಕು. ಅಷ್ಟು ಎತ್ತರದಲ್ಲಿ ಇರೋದು ಬೀಳೋದಾದ್ರೂ ಯಾಕೆ?

ಹುಡುಗಿ: ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಇಳೀತಾ ಇದೆ. ಬಿಸಿಲಿಗೂ ಭೂಮಿಯ ಕಾವಿಗೂ ಅದರ ಮೈ ಒಂದು ಕಡೆ ಹೆಚ್ಚು ಬಿಸಿಯಾಗಿ, ಆ ಶಾಖ ಹೊರಹೋಗುವಾಗ ಚೂರು ತಳ್ಳುತ್ತೆ. ಅದೇ ಮುಖ್ಯ ಕಾರಣ.

ಮಾವ: ದಿನಕ್ಕೊಂದು ಮಿಲಿಮೀಟರ್ ಇಳಿಯೋದನ್ನ ಇಲ್ಲಿಂದ ಕಂಡರಾ? (ಸ್ವಲ್ಪ ಹೊತ್ತು ಸುಮ್ಮನಿದ್ದು) ಅಷ್ಟು ಗಮನ ಕೊಟ್ಟು ನೋಡೋ ಜನ ಇದಾರೆ ಅಂದ್ರೆ ನನಗೆ ಸಂತೋಷ. ಆದ್ರೂ ಕೇಳ್ತೀನಿ, ಅಷ್ಟೊಂದು ಗಮನ ನಮ್ಮ ಜನದ ಮೇಲೆ ಯಾಕಿಲ್ಲ?

ಹುಡುಗಿ: ಈ ಗಮನ ಜನರಿಗೂ ಮುಟ್ಟುತ್ತೆ, ದಾರಿ ಉದ್ದ ಅಷ್ಟೇ. ಕಡಲ ಮಟ್ಟ ಈಗ ವರ್ಷಕ್ಕೆ ಮೂರು ನಾಲ್ಕು ಮಿಲಿಮೀಟರ್ ಏರ್ತಿದೆ. ಅದನ್ನ ಅಳೆಯೋದು ಬೇರೆ ಉಪಗ್ರಹಗಳು, ಆದರೆ ಅವುಗಳ ಸೊನ್ನೆಯೂ ಇದೇ. ಸೊನ್ನೆ ವರ್ಷಕ್ಕೊಂದು ಮಿಲಿಮೀಟರ್ ಜರುಗಿದರೆ ಕಡಲಿನ ಲೆಕ್ಕದಲ್ಲಿ ಕಾಲು ಭಾಗ ತಪ್ಪು.

ಮಾವ: ಉಳ್ಳಾಲದಲ್ಲಿ ಕಡಲು ಮನೆ ನುಂಗಿದೋನಿಗೆ ಲೇಸರ್ ಬೇಕಾ, ಕಡಲು ಬಂತು ಅಂತ ತಿಳಿಯೋಕೆ?

ಹುಡುಗಿ: ಬಂತು ಅಂತ ಅವನಿಗೆ ಗೊತ್ತು. ಯಾಕೆ ಬಂತು ಅಂತ ಗೊತ್ತಾಗಬೇಕು. ಬಂದರಿನ ತಡೆಗೋಡೆಯಿಂದ ಮರಳು ಸರಿದದ್ದೆಷ್ಟು, ಕಡಲೇ ಏರಿದ್ದೆಷ್ಟು ಅಂತ ಬೇರೆ ಮಾಡದಿದ್ದರೆ, ಪರಿಹಾರ ಕೊಡಬೇಕಾದವರು ಎಲ್ಲದಕ್ಕೂ ಪ್ರಕೃತಿಯನ್ನ ತೋರಿಸಿ ಕೈ ತೊಳೆದುಕೊಳ್ತಾರೆ.

ಮಾವ: ಅದು ತೂಕದ ಮಾತು. ಸರಿ, ನಿನಗೀಗ ಏನು ಬೇಕು?

ಹುಡುಗಿ: ನಮ್ಮ ದಕ್ಷಿಣದ ಯಾವುದಾದರೂ ಬೆಟ್ಟದ ಮೇಲೆ ಈ ಗೋಳವನ್ನ ಬಿಡದೆ ಕಾಯೋ ಒಂದು ಒಳ್ಳೇ ಲೇಸರ್ ಕೇಂದ್ರ. 2015ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ನಿರ್ಣಯ ಮಾಡಿದೆ, ಭೂಮಿಯ ಈ ಅಳತೆ ಚೌಕಟ್ಟು ಎಲ್ಲ ದೇಶಗಳೂ ಕೂಡಿ ಕಾಪಾಡಬೇಕಾದದ್ದು ಅಂತ. ಯಾರೋ ಕಾಯ್ತಾರೆ, ನಾವು ಬಳಸ್ತೀವಿ ಅಂತ ಎಷ್ಟು ದಿನ ಇರೋದು?

ಮಾವ: ನನಗೆ ಬೇಕಾಗಿರೋದು ಬೇರೆ. ತಾಲ್ಲೂಕು ಕಚೇರಿಗೆ ಸಾಕಷ್ಟು ಭೂಮಾಪಕರು, ಅರ್ಜಿ ಹಾಕಿದೋನು ಬದುಕಿರೋವಾಗ್ಲೇ ಪೋಡಿ. ಜಂಟಿ ಪಹಣಿ ಇಟ್ಕೊಂಡು ಬ್ಯಾಂಕಿಗೆ ಹೋದ್ರೆ ಸಾಲಕ್ಕೆ ತೊಡಕು. ನಿನ್ನ ಗೋಳಕ್ಕೆ 84 ಲಕ್ಷ ವರ್ಷ ಅದೆ, ಈ ಅಣ್ಣತಮ್ಮಂದಿರಿಗೆ ಅಷ್ಟು ಟೈಮಿಲ್ಲ.

ಹುಡುಗಿ: ಅದಕ್ಕೇ ಎರಡೂ ಬೇಕು ಅನ್ನೋದು.

ಮಾವ: ಎರಡೂ ಬೇಕು ಅನ್ನೋದು ಸುಲಭ. ಮೊದಲು ಯಾವುದು, ಹೇಳು.

ಹುಡುಗಿ: ಮೊದಲು ಶುರು ಮಾಡಬೇಕಾದ್ದು ಕೇಂದ್ರ, ಯಾಕಂದ್ರೆ ಅದರ ಫಲ ಇಪ್ಪತ್ತು ಮೂವತ್ತು ವರ್ಷ ಒಂದೇ ಸಮನೆ ನೋಡಿದ ಮೇಲೆ. ನಡುವೆ ತಪ್ಪಿದ ವರ್ಷಗಳನ್ನ ಆಮೇಲೆ ದುಡ್ಡು ಕೊಟ್ಟು ತರೋಕಾಗಲ್ಲ. ಮೊದಲು ಮುಗಿಸಬೇಕಾದ್ದು ಪೋಡಿ.

ಮಾವ: ಮಾತು ಚೆನ್ನಾಗದೆ. ಆದ್ರೆ ಕಾಯ್ತಾ ಕೂತೋನಿಗೂ ತಪ್ಪಿದ ವರ್ಷ ವಾಪಸ್ ಬರಲ್ಲ ಕಣವ್ವ. ದುಡ್ಡಿನ ಕಡತ ಎರಡೂ ಒಂದೇ ಮೇಜಿಗೆ ಬರ್ತವೆ, ಸಹಿ ಒಂದಕ್ಕೇ ಬೀಳ್ತದೆ. ಅದು ನನಗೆ ಗೊತ್ತು, ನಿನಗೆ ಇನ್ನೂ ಗೊತ್ತಿಲ್ಲ.

ಹುಡುಗಿ: ಹಾಗಾದ್ರೆ ಆ ಮೇಜಿನ ಮುಂದೆ ಇಬ್ಬರೂ ಹೋಗೋಣ, ನೀವು ನಿಮ್ಮ ಅರ್ಜಿ ಹಿಡಿದು, ನಾನು ನನ್ನದು ಹಿಡಿದು.

ಮಾವ: ನಿನ್ನದನ್ನ ಮೊದಲು ನನಗೆ ತೋರಿಸು. ತಿದ್ದಿಕೊಡ್ತೀನಿ. ಕೆಳಗೆ ರುಜು ಹಾಕ್ತೀನೋ ಇಲ್ವೋ, ಓದಿದ ಮೇಲೆ ಹೇಳ್ತೀನಿ.